ವ್ಯಾಟ್ ನೋಡಿ ಕೊಂಡದ್ದು ಅಟ್ಟ ಸೇರಿತು

ಬೆಂಗಳೂರಾಗಲಿ ಹುಬ್ಬಳ್ಳಿಯಾಗಲಿ, ಮಧ್ಯಮ ವರ್ಗದ ಮನೆಯ ಅಟ್ಟದ ಮೇಲೆ ಕಣ್ಣು ಹಾಯಿಸಿದರೆ ಹಳೆಯ ಸೂಟ್‌ಕೇಸು, ದಸರಾ ಬೊಂಬೆಗಳ ಪೆಟ್ಟಿಗೆ, ಗಣಪತಿ ಮಂಟಪಗಳ ನಡುವೆ ವ್ಯಾಕ್ಯೂಮ್ ಕ್ಲೀನರೊಂದು ಕೂತಿರುವುದು ಬಹಳ ಸಾಮಾನ್ಯ. ಬೊಂಬೆಗಳು ವರ್ಷಕ್ಕೊಮ್ಮೆ ಕೆಳಗಿಳಿಯುತ್ತವೆ. ಯಂತ್ರ ಮಾತ್ರ ಮನೆ ಬದಲಿಸುವವರೆಗೂ ಅಲ್ಲೇ ಇರುತ್ತದೆ. ಅದು ಕೆಟ್ಟಿರುವುದಿಲ್ಲ, ಪ್ಲಗ್ ಹಾಕಿದರೆ ಇವತ್ತಿಗೂ ಓಡುತ್ತದೆ. ಎಂಟು ಹತ್ತು ಸಾವಿರ ಕೊಟ್ಟು, ನಾಲ್ಕು ಅಂಗಡಿ ಸುತ್ತಿ, ಮನೆಯವರೆಲ್ಲ ಕೂತು ಯೋಚಿಸಿ ತಂದ ವಸ್ತು ಹೀಗೆ ಮೂಲೆಗುಂಪಾಗುವುದೇಕೆ?

ಬಳಸುವುದನ್ನು ಬಿಟ್ಟವರನ್ನು ಕೇಳಿದರೆ ಸಿಗುವ ಉತ್ತರಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಹೊರಗೆ ತೆಗೆದು ಜೋಡಿಸುವುದೇ ಒಂದು ಕೆಲಸ. ವೈರು ಪಕ್ಕದ ಕೋಣೆಗೆ ಎಟಕುವುದಿಲ್ಲ. ಶಬ್ದಕ್ಕೆ ಮಗು ಎದ್ದುಬಿಡುತ್ತದೆ. ಚೀಲ ಕೊಡವುವಾಗ ತೆಗೆದ ಧೂಳೆಲ್ಲ ಮತ್ತೆ ಮೈಮೇಲೆ. ಕೊಳವೆ ಸೀಳಿತು, ಹೊಸದು ಸಿಗಲಿಲ್ಲ. ಧೂಳನ್ನೇ ಸರಿಯಾಗಿ ಎಳೆಯುವುದಿಲ್ಲ ಎಂಬ ದೂರು ಇವುಗಳ ನಡುವೆ ಅಪರೂಪ. ಆದರೆ ಅಂಗಡಿಯಲ್ಲಿ ಮಾತು ಶುರುವಾಗುವುದೂ ಮುಗಿಯುವುದೂ ಎಳೆಯುವ ಶಕ್ತಿಯಲ್ಲೇ. ಇದು 1200 ವ್ಯಾಟ್, ಅದು 1600, ಆ ಮೂಲೆಯಲ್ಲಿರುವುದು 2000. ಕೊಳ್ಳುವಾಗ ನೋಡುವುದು ಒಂದು, ಬಳಸುವಾಗ ಅಡ್ಡ ಬರುವುದು ಇನ್ನೊಂದು. ಗುಣಮಟ್ಟ, ಬೆಲೆ, ವಿನ್ಯಾಸ ಎಂದು ನಾವು ಹೋಲಿಸುವುದೆಲ್ಲ ದಾರಿ ತಪ್ಪುವುದು ಇಲ್ಲಿಯೇ.

ರತ್ನಗಂಬಳಿಗಾಗಿ ಹುಟ್ಟಿದ ಯಂತ್ರ

ಈ ಯಂತ್ರ ಹುಟ್ಟಿದ್ದು ನಮ್ಮದಕ್ಕಿಂತ ತೀರಾ ಬೇರೆ ಬಗೆಯ ಮನೆಗಳಿಗಾಗಿ. 1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್, ಗಾಳಿ ಊದಿ ಧೂಳು ಹಾರಿಸುವ ಯಂತ್ರವೊಂದರ ಪ್ರದರ್ಶನ ನೋಡಿದರು. ಊದುವ ಬದಲು ಎಳೆದುಕೊಂಡರೆ ಹೇಗೆ ಎಂಬ ಯೋಚನೆ ಬಂದು, ಹೋಟೆಲೊಂದರ ಕುರ್ಚಿಯ ಮೆತ್ತೆಗೆ ಕರವಸ್ತ್ರ ಒತ್ತಿ ಬಾಯಿಂದಲೇ ಬಲವಾಗಿ ಗಾಳಿ ಎಳೆದರು. ಬಟ್ಟೆಯ ಕೆಳಮೈಯಲ್ಲಿ ಧೂಳು ಮೆತ್ತಿಕೊಂಡಿತ್ತು. ಆಮೇಲೆ ಅವರು ಕಟ್ಟಿದ ಯಂತ್ರ ಎಷ್ಟು ದೊಡ್ಡದೆಂದರೆ ಕುದುರೆ ಗಾಡಿಯ ಮೇಲೆ ಅದು ಬೀದಿಯಲ್ಲೇ ನಿಲ್ಲುತ್ತಿತ್ತು. ಉದ್ದನೆಯ ಕೊಳವೆಗಳನ್ನು ಕಿಟಕಿಯಿಂದ ಒಳಗೆ ಬಿಡುತ್ತಿದ್ದರು. 1902ರಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳ ಧೂಳು ತೆಗೆದದ್ದು ಬೂತ್ ಅವರ ಯಂತ್ರ.

ಅದನ್ನು ಒಬ್ಬರೇ ತಳ್ಳಬಹುದಾದ ಗಾತ್ರಕ್ಕೆ ಇಳಿಸಿದವರು ಅಮೆರಿಕದ ಓಹಾಯೋದ ಕ್ಯಾಂಟನ್ ಊರಿನ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರೆ ಸ್ಪ್ಯಾಂಗ್ಲರ್. ಅವರಿಗೆ ಉಬ್ಬಸವಿತ್ತು. ರತ್ನಗಂಬಳಿ ಗುಡಿಸುವಾಗ ಏಳುವ ಧೂಳು ಉಸಿರು ಕಟ್ಟಿಸುತ್ತಿತ್ತು. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ದಿಂಬಿನ ಚೀಲ ಸೇರಿಸಿ ಅವರು ಮಾಡಿದ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ಸಿಕ್ಕಿತು. ಮೂತಿಯಲ್ಲಿ ಗಿರಗಿರನೆ ತಿರುಗುವ ಬ್ರಷ್ ಕೂಡ ಇತ್ತು. ಚರ್ಮದ ಸಾಮಾನು ಮಾಡಿಸುತ್ತಿದ್ದ ವಿಲಿಯಂ ಹೂವರ್ ಆ ಹಕ್ಕು ಕೊಂಡರು, ಅವರ ಹೆಸರೇ ಮುಂದೆ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ ನೆಲದ ಮೇಲೆ ಎಳೆದುಕೊಂಡು ಹೋಗಬಹುದಾದ ಉರುಳೆಯಾಕಾರದ ಯಂತ್ರ ತಂದಿತು. ಇವತ್ತು ನಮ್ಮ ಅಟ್ಟದಲ್ಲಿರುವ ಕೊಳವೆಯ ಯಂತ್ರದ ಮೂಲಪುರುಷ ಅದೇ.

ಇವರೆಲ್ಲರ ಮುಂದಿದ್ದ ಸಮಸ್ಯೆ ಗೋಡೆಯಿಂದ ಗೋಡೆಗೆ ಹಾಸಿದ ಉಣ್ಣೆಯ ನೆಲ. ಧೂಳು ನೂಲಿನ ಬುಡಕ್ಕೆ ಇಳಿದು ಕೂತಿರುತ್ತದೆ; ಬಡಿದು ಎಬ್ಬಿಸಬೇಕು, ಜೋರಾಗಿ ಎಳೆಯಬೇಕು. ತಿರುಗುವ ಬ್ರಷ್ಷಿಗೂ ವ್ಯಾಟಿನ ಪೈಪೋಟಿಗೂ ಮೂಲ ಅಲ್ಲಿದೆ. ನಮ್ಮದು ಕೆಂಪು ಗಾರೆ, ಮೊಸಾಯಿಕ್, ಕಡಪ ಕಲ್ಲು, ಗ್ರಾನೈಟ್, ಈಗ ವಿಟ್ರಿಫೈಡ್ ಟೈಲ್ಸ್. ದಿನ ಬೆಳಗಾದರೆ ಗುಡಿಸಿ ಒರೆಸುವ ಮನೆ. ಆ ನೆಲಕ್ಕೆ ಹುಲ್ಲಿನ ಪೊರಕೆ ಸಾಕು, ಅಂಗಳಕ್ಕೆ ತೆಂಗಿನ ಕಡ್ಡಿಯ ಪೊರಕೆ ಸಾಕು. ಕರಾವಳಿಯ ಹಿಡಿಸೂಡಿಯನ್ನು ಯಾವ ಯಂತ್ರವೂ ಅಂಗಳದಿಂದ ಓಡಿಸಲಾರದು, ಓಡಿಸಬೇಕಾಗಿಯೂ ಇಲ್ಲ.

ಹಾಗಾದರೆ ನಮಗೆ ಈ ಯಂತ್ರವೇ ಬೇಡವೇ? ಬೇಕು, ಆದರೆ ನೆಲಕ್ಕಲ್ಲ, ನೆಲ ಬಿಟ್ಟು ಉಳಿದುದಕ್ಕೆ. ಹತ್ತಿ ಹಾಸಿಗೆ, ಸೋಫಾದ ಸಂದು, ಪರದೆಯ ಮಡಿಕೆ, ಸೊಳ್ಳೆ ಪರದೆ ಹೊಡೆದ ಕಿಟಕಿ, ಸ್ಲೈಡಿಂಗ್ ಕಿಟಕಿಯ ಕೆಳಗಿನ ಕಾಲುವೆ, ಪುಸ್ತಕದ ಕಪಾಟಿನ ತಲೆ, ಫ್ಯಾನಿನ ರೆಕ್ಕೆಯ ಮೇಲ್ಭಾಗ, ಫ್ರಿಜ್ಜಿನ ಹಿಂಬದಿ, ಕಾರಿನ ಸೀಟಿನಡಿ. ಇಲ್ಲೆಲ್ಲ ಪೊರಕೆ ಧೂಳನ್ನು ಇಲ್ಲಿಂದ ಎಬ್ಬಿಸಿ ಅಲ್ಲಿ ಕೂರಿಸುತ್ತದೆ. ಈ ಜಾಗಗಳ ಪಟ್ಟಿ ಕೈಯಲ್ಲಿ ಹಿಡಿದು ಅಂಗಡಿಗೆ ಹೋದರೆ ನೋಡಬೇಕಾದ ಸಂಗತಿಗಳೇ ಬದಲಾಗುತ್ತವೆ. ಕೊಳವೆ ಎಷ್ಟು ಉದ್ದ, ಎಷ್ಟು ಸಲೀಸಾಗಿ ಬಾಗುತ್ತದೆ, ಮೃದು ಕೂದಲಿನ ಸಣ್ಣ ಬ್ರಷ್ ಇದೆಯೇ, ಸಂದಿಗೆ ತೂರುವ ಚಪ್ಪಟೆ ಮೂತಿ ಇದೆಯೇ, ಒಂದು ಕೈಯಲ್ಲಿ ಎತ್ತಬಹುದೇ ಎಂಬ ಪ್ರಶ್ನೆಗಳು ಮುಂದೆ ಬರುತ್ತವೆ.

ಭಾರತದ ನಗರಗಳಿಗೆ ಈ ಯಂತ್ರವನ್ನು ಪರಿಚಯಿಸಿದ್ದರಲ್ಲಿ ದೊಡ್ಡ ಪಾಲು ಯುರೇಕಾ ಫೋರ್ಬ್ಸ್‌ನದು. ಫೋರ್ಬ್ಸ್ ಮತ್ತು ಅದೇ ಎಲೆಕ್ಟ್ರೊಲಕ್ಸ್ ಸೇರಿ 1982ರಲ್ಲಿ ಕಟ್ಟಿದ ಕಂಪನಿ ಅದು. ಅಂಗಡಿಯಲ್ಲಿಟ್ಟು ಕಾಯದೆ ಮನೆ ಬಾಗಿಲಿಗೇ ಹೋಗಿ ಮಾರಿದರು. ಮನೆಗೆ ಬಂದು ತೋರಿಸುವ ಆ ಪದ್ಧತಿ ಆಮೇಲೆ ಈ ವ್ಯಾಪಾರದಲ್ಲೆಲ್ಲ ಬೇರೂರಿತು. ಕೊಳವೆಯ ನಡುವೆ ಕಪ್ಪು ಬಟ್ಟೆಯ ತುಂಡು ಸಿಕ್ಕಿಸಿ, ನಿಮ್ಮದೇ ಹಾಸಿಗೆಯ ಮೇಲೆ ಒಂದು ನಿಮಿಷ ಓಡಿಸಿ, ಬಟ್ಟೆ ಬಿಚ್ಚಿ ಮುಂದಿಡುತ್ತಾರೆ. ಬೂದು ಬಣ್ಣದ ಸಣ್ಣ ಗುಡ್ಡೆ ನೋಡಿ ಮನೆಯೊಡತಿಗೆ ಗಾಬರಿ. ಆದರೆ ವರ್ಷಗಟ್ಟಲೆ ಬಳಸಿದ ಹಾಸಿಗೆಯಿಂದ ಯಾವ ಯಂತ್ರ ಓಡಿಸಿದರೂ ಅಷ್ಟು ಧೂಳು ಬಂದೇ ಬರುತ್ತದೆ. ಅದು ಹಾಸಿಗೆಯ ಪರೀಕ್ಷೆಯಾಯಿತೇ ಹೊರತು ಯಂತ್ರದ್ದಲ್ಲ. ಎರಡು ಯಂತ್ರಗಳನ್ನು ಹೋಲಿಸಬೇಕೆಂದರೆ ಒಂದು ಓಡಿಸಿದ ಜಾಗದಲ್ಲೇ ಇನ್ನೊಂದನ್ನು ಓಡಿಸಬೇಕು, ಆಮೇಲೆ ಹಿಂದುಮುಂದು ಮಾಡಿ ಬೇರೆ ಜಾಗದಲ್ಲಿ ಮತ್ತೆ ನೋಡಬೇಕು. ಯಾವುದು ಏನು ಉಳಿಸಿತ್ತು ಎಂಬುದು ಆಗ ಗೊತ್ತಾಗುತ್ತದೆ.

ವ್ಯಾಟ್ ಏನನ್ನು ಹೇಳುತ್ತದೆ

ಡಬ್ಬಿಯ ಮೇಲಿನ ವ್ಯಾಟ್ ಮೋಟಾರು ತಿನ್ನುವ ಕರೆಂಟಿನ ಲೆಕ್ಕ. ಅದು ಮಾಡುವ ಕೆಲಸದ ಲೆಕ್ಕವಲ್ಲ. ಸಾಧಾರಣ ಯಂತ್ರಗಳಲ್ಲಿ ತಿಂದ ಕರೆಂಟಿನ ಐದರಲ್ಲೊಂದು ಪಾಲಿನ ಆಸುಪಾಸು ಮಾತ್ರ ಗಾಳಿ ಎಳೆಯುವ ಶಕ್ತಿಯಾಗಿ ತುದಿಗೆ ತಲುಪುತ್ತದೆ. ಉಳಿದದ್ದು ಬಿಸಿ, ಶಬ್ದ, ಸೋರಿಕೆ.

ಎಳೆಯುವ ಶಕ್ತಿಯಲ್ಲೂ ಎರಡು ಸಂಗತಿ ಬೆರೆತಿವೆ. ಒಂದು ಒತ್ತಡ, ಇದನ್ನು ಕಿಲೋಪಾಸ್ಕಲ್‌ನಲ್ಲಿ ಬರೆಯುತ್ತಾರೆ. ಇನ್ನೊಂದು ಗಾಳಿಯ ಹರಿವು, ಸೆಕೆಂಡಿಗೆ ಎಷ್ಟು ಲೀಟರ್ ಎಂದು ಅಳೆಯುವುದು. ಎಳನೀರು ಕುಡಿಯುವಾಗ ಸ್ಟ್ರಾಗೆ ಗಂಜಿ ಸಿಕ್ಕಿಕೊಂಡರೆ ಕೆನ್ನೆ ಒಳಗೆ ಹೋಗುವಷ್ಟು ಎಳೆದರೂ ನೀರು ಬರುವುದಿಲ್ಲ. ಒತ್ತಡ ಪೂರ್ತಿ ಇದೆ, ಹರಿವಿಲ್ಲ. ಯಂತ್ರದಲ್ಲೂ ಹೀಗೇ. ತುದಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿದಾಗ ಒತ್ತಡ ಗರಿಷ್ಠ, ಹರಿವು ಸೊನ್ನೆ. ಪೂರ್ತಿ ತೆರೆದಾಗ ಹರಿವು ಗರಿಷ್ಠ, ಒತ್ತಡ ನಾಮಮಾತ್ರ. ಧೂಳು ಮೇಲೇಳುವುದು ಎರಡರ ನಡುವಿನ ಹದದಲ್ಲಿ. ಆದ್ದರಿಂದ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 20 ಕಿಲೋಪಾಸ್ಕಲ್ ಎಂದು ಬರೆದಿದ್ದರೆ ಅದು ತುದಿ ಮುಚ್ಚಿದಾಗಿನ ಅಂಕಿ, ಅಂದರೆ ಯಂತ್ರ ಏನೂ ಕೆಲಸ ಮಾಡದಿರುವಾಗಿನ ಅಂಕಿ. ಒತ್ತಡವನ್ನೂ ಹರಿವನ್ನೂ ಗುಣಿಸಿ ಬರುವ ಅಂಕಿಗೆ ಏರ್ ವ್ಯಾಟ್ ಎನ್ನುತ್ತಾರೆ. ಅದನ್ನು ಮುದ್ರಿಸುವ ಕಂಪನಿಗಳು ಕಡಿಮೆ. ಮುದ್ರಿಸಿದ್ದರೆ ಹೋಲಿಕೆಗೆ ಹಿಡಿಯಬೇಕಾದ ಅಂಕಿ ಅದೇ.

ಇಲ್ಲೊಂದು ಸಣ್ಣ ಸಂಗತಿಯನ್ನು ಕಿವಿಯಿಂದಲೇ ಕಲಿಯಬಹುದು. ಓಡುತ್ತಿರುವ ಯಂತ್ರದ ಬಾಯಿ ಮುಚ್ಚಿದರೆ ಶಬ್ದ ಕೀರಲಾಗುತ್ತದೆ. ಮೋಟಾರು ತಿಣುಕಾಡುತ್ತಿದೆ ಎಂದು ಅನಿಸುತ್ತದೆ, ಆದರೆ ಆಗುತ್ತಿರುವುದು ಅದಕ್ಕೆ ವಿರುದ್ಧ. ಸಾಗಿಸಲು ಗಾಳಿಯೇ ಇಲ್ಲದ ಕಾರಣ ಹೊರೆ ಇಳಿದು ಮೋಟಾರು ಇನ್ನಷ್ಟು ವೇಗವಾಗಿ ತಿರುಗುತ್ತದೆ. ಅಪಾಯ ಬೇರೆ ಕಡೆ ಇದೆ. ಒಣ ಕಸದ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಳೆದುಕೊಂಡ ಗಾಳಿಯೇ ಮೋಟಾರಿನ ಮೇಲೆ ಹಾದು ಅದನ್ನು ತಣ್ಣಗಿಡುತ್ತದೆ. ಗಾಳಿ ನಿಂತರೆ ಮೋಟಾರು ಕಾಯುತ್ತದೆ. ಕೆಲಸದ ನಡುವೆ ಶಬ್ದ ನಿಧಾನವಾಗಿ ಕೀರಲಾಗುತ್ತ ಹೋದರೆ ಚೀಲ ತುಂಬಿದೆ ಅಥವಾ ಫಿಲ್ಟರ್ ಕಟ್ಟಿದೆ ಎಂದು ತಿಳಿದು ಕೂಡಲೇ ಸ್ವಿಚ್ ಆರಿಸಬೇಕು. ರಂಗೋಲಿ ಪುಡಿ, ವಿಭೂತಿ, ಗೋಡೆ ಪುಟ್ಟಿ, ಸಿಮೆಂಟು ಇವನ್ನು ಎಳೆಸಬಾರದು ಎನ್ನುವುದು ಇದಕ್ಕೇ. ಅಷ್ಟು ನುಣುಪಾದ ಪುಡಿ ಬಟ್ಟೆಯ ಚೀಲದ ಕಣ್ಣುಗಳನ್ನು ನಿಮಿಷಗಳಲ್ಲಿ ಮುಚ್ಚುತ್ತದೆ, ತೂರಿ ಹೋದದ್ದು ಬೇರಿಂಗಿಗೆ ಸೇರುತ್ತದೆ. ಹೊಸ ಮನೆಯ ಮರಗೆಲಸ, ಪೇಂಟಿಂಗ್ ಮುಗಿದ ಮರುದಿನ ಓಡಿಸಿ ಸತ್ತ ಯಂತ್ರಗಳು ರಿಪೇರಿ ಅಂಗಡಿಗಳಿಗೆ ಬರುತ್ತಲೇ ಇರುತ್ತವೆ.

ವ್ಯಾಟಿನ ಮೋಹಕ್ಕೆ ಕಾನೂನಿನಿಂದಲೇ ಕಡಿವಾಣ ಹಾಕಿದ್ದು ಯುರೋಪ್. 2014ರ ಸೆಪ್ಟೆಂಬರ್‌ನಿಂದ 1600 ವ್ಯಾಟ್, 2017ರ ಸೆಪ್ಟೆಂಬರ್‌ನಿಂದ 900 ವ್ಯಾಟ್ ಮೀರಿದ ಮನೆಬಳಕೆಯ ಯಂತ್ರಗಳನ್ನು ಐರೋಪ್ಯ ಒಕ್ಕೂಟದ ಮಾರುಕಟ್ಟೆಗೆ ಹೊಸದಾಗಿ ಬಿಡುವಂತಿಲ್ಲ ಎಂಬ ನಿಯಮ ಬಂತು. ನಿಯಮಕ್ಕೆ ಮುನ್ನ ಬ್ರಿಟನ್ನಿನ ಜನ ದೊಡ್ಡ ಮೋಟಾರಿನ ಯಂತ್ರಗಳಿಗೆ ಮುಗಿಬಿದ್ದರು. ಆದರೆ ತಯಾರಕರು ಮೂತಿಯ ಆಕಾರ, ಗಾಳಿಯ ದಾರಿ, ಸೋರಿಕೆಗಳನ್ನು ತಿದ್ದಿ ಅರ್ಧ ಕರೆಂಟಿನಲ್ಲೇ ಅದೇ ಕೆಲಸ ತೆಗೆದರು. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ನಿತ್ಯ ಕಾಣುವ, ಕೆಂಪು ಡೊಳ್ಳು ಹೊಟ್ಟೆಗೆ ನಗುವ ಮುಖ ಬರೆದಿರುವ 'ಹೆನ್ರಿ'ಯ ಮೋಟಾರು 620 ವ್ಯಾಟಿನದು. ಶಾಲೆ, ಕಚೇರಿಗಳನ್ನು ಗುಡಿಸುವವರು ದಿನವಿಡೀ ಓಡಿಸುವ ಯಂತ್ರ ಅದು. ನಮ್ಮ ಅಂಗಡಿಗಳಲ್ಲಿ ಈಗಲೂ 2000 ವ್ಯಾಟ್ ಎಂಬುದು ಹೆಗ್ಗಳಿಕೆ.

ಅದೇ ಐರೋಪ್ಯ ನಿಯಮದಲ್ಲಿ ನನಗೆ ಇನ್ನೂ ಮುಖ್ಯವೆನಿಸುವ ಎರಡು ಸಾಲುಗಳಿವೆ. ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು. ಕೊಳವೆ 40,000 ಸಲ ಬಾಗಿಸಿದರೂ ಬಳಸುವ ಸ್ಥಿತಿಯಲ್ಲಿರಬೇಕು. ಶಬ್ದ 80 ಡೆಸಿಬಲ್ ಮೀರುವಂತಿಲ್ಲ ಎಂಬುದೂ ಅಲ್ಲಿದೆ. ನಮ್ಮಲ್ಲಿ ಫ್ರಿಜ್ಜಿಗೂ ಎಸಿಗೂ ನಕ್ಷತ್ರದ ಚೀಟಿ ಅಂಟಿಸುತ್ತಾರೆ, ವ್ಯಾಕ್ಯೂಮ್ ಕ್ಲೀನರ್‌ಗೆ ಅಂಥದ್ದೊಂದು ಚೀಟಿ ಇಲ್ಲ. ಬಾಳಿಕೆಯ ಅಂಕಿಯನ್ನಂತೂ ಯಾರೂ ಮುದ್ರಿಸುವುದಿಲ್ಲ.

ಚೀಟಿ ಇದ್ದರೂ ಸಾಲದು ಎಂಬುದಕ್ಕೂ ಯುರೋಪೇ ಸಾಕ್ಷಿ. ಅಲ್ಲಿನ ಇಂಧನ ಚೀಟಿಯ ಪರೀಕ್ಷೆಯನ್ನು ಧೂಳಿನ ಚೀಲ ಖಾಲಿ ಇಟ್ಟು ನಡೆಸುತ್ತಿದ್ದರು. ಮನೆಯಲ್ಲಿ ಖಾಲಿ ಚೀಲದಿಂದ ಯಾರೂ ಗುಡಿಸುವುದಿಲ್ಲ, ತುಂಬುತ್ತ ಹೋದಂತೆ ಎಳೆತ ಕುಂದುವ ಯಂತ್ರಕ್ಕೂ ಇದರಲ್ಲಿ ಒಳ್ಳೆಯ ಅಂಕ ಸಿಗುತ್ತದೆ ಎಂದು ಡೈಸನ್ ಕಂಪನಿ ಕೋರ್ಟಿಗೆ ಹೋಯಿತು. 2018ರ ನವೆಂಬರ್‌ನಲ್ಲಿ ನ್ಯಾಯಾಲಯ ಆ ಚೀಟಿಯ ನಿಯಮವನ್ನೇ ರದ್ದು ಮಾಡಿತು.

ಡೈಸನ್ನೂ ಹೆನ್ರಿಯೂ

ವಿನ್ಯಾಸದ ಮಾತು ಬಂದರೆ ಬ್ರಿಟನ್ನಿನ ಈ ಎರಡು ಯಂತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಚೀಲ ತುಂಬಿದಂತೆ ಎಳೆತ ಸಾಯುವುದನ್ನು ಕಂಡು ಬೇಸತ್ತ ಜೇಮ್ಸ್ ಡೈಸನ್, ಮರದ ಪುಡಿಯನ್ನು ಸುಳಿಗಾಳಿಯಿಂದ ಬೇರ್ಪಡಿಸುವ ಕಾರ್ಖಾನೆಯ ಶಂಕುವನ್ನು ಚಿಕ್ಕದು ಮಾಡಿ ಮನೆಯ ಯಂತ್ರದೊಳಗೆ ಕೂರಿಸಲು 1978ರ ಹೊತ್ತಿಗೆ ಕೈಹಾಕಿದರು. 5,127 ಮಾದರಿಗಳನ್ನು ಮಾಡಿ ನೋಡಿದರು ಎಂಬುದು ಅವರೇ ಕೊಡುವ ಲೆಕ್ಕ. ಮೊದಲು ಜಪಾನಿನಲ್ಲಿ ಮಾರಾಟ ಕಂಡು, 1993ರಲ್ಲಿ ಅವರದೇ ಕಂಪನಿಯಿಂದ ಡಿಸಿ01 ಹೊರಬಂತು. ಒಳಗಿನ ಧೂಳು ಕಣ್ಣಿಗೆ ಕಾಣುವ ಪಾರದರ್ಶಕ ಡಬ್ಬಿ ಬೇಡ, ಕೊಳ್ಳುವವರಿಗೆ ಅಸಹ್ಯವಾಗುತ್ತದೆ ಎಂದು ವ್ಯಾಪಾರಿಗಳು ಹೇಳಿದರೂ ಅವರು ಅದನ್ನೇ ಉಳಿಸಿಕೊಂಡರು. ಗೆದ್ದದ್ದು ಆ ಡಬ್ಬಿಯೇ. ಮಾಡಿದ ಕೆಲಸ ಕಣ್ಣಿಗೆ ಕಂಡರೆ ಇನ್ನೊಂದು ಕೋಣೆಗೂ ಹೋಗಬೇಕೆನಿಸುತ್ತದೆ.

ಹೆನ್ರಿಯ ದಾರಿ ಬೇರೆ. ಇಂಗ್ಲೆಂಡಿನ ಚಾರ್ಡ್ ಎಂಬ ಊರಿನಲ್ಲಿ ನ್ಯೂಮ್ಯಾಟಿಕ್ ಕಂಪನಿ 1980ರ ದಶಕದ ಆರಂಭದಿಂದ ಅದನ್ನು ಮಾಡುತ್ತಿದೆ, ರೂಪ ಹೆಚ್ಚು ಬದಲಾಗಿಲ್ಲ. ಡೋಲಿನಂಥ ದೇಹ, ಮೇಲೆ ತಲೆ, ತಲೆಯೊಳಗೆ ಮೋಟಾರು. ನಾಲ್ಕು ತಿರುಪು ಬಿಚ್ಚಬಲ್ಲ ಯಾರೇ ಆದರೂ ಒಳಗೆ ನೋಡಬಹುದು. ಉದ್ದನೆಯ ವೈರು, ಒಳಗೆ ಕಾಗದ ಅಥವಾ ಬಟ್ಟೆಯ ಚೀಲ. ಬಿಡಿಭಾಗ ಹಳೆಯ ಯಂತ್ರಕ್ಕೂ ಸಿಗುತ್ತದೆ. ಡೈಸನ್ ಜಾಣತನಕ್ಕೆ ಬೆಲೆ ಕಟ್ಟಿತು, ಹೆನ್ರಿ ಬಾಳಿಕೆಗೆ. ಇವೆರಡರಲ್ಲಿ ನನ್ನ ಮನಸ್ಸು ವಾಲುವುದು ಹೆನ್ರಿಯ ಕಡೆಗೆ. ಮನೆಯ ಶುಚಿಗೆ ಬೇಕಾದ ಜಾಣತನ ಅಷ್ಟರಲ್ಲೇ ಮುಗಿದಿದೆ.

ನಮ್ಮ ಪೇಟೆಯಲ್ಲಿ ಹೆನ್ರಿಯ ಜಾಡಿಗೆ ಹತ್ತಿರವಿರುವುದು ನೀರೂ ಕಸವೂ ಎರಡನ್ನೂ ಎಳೆಯುವ ಡೋಲಿನ ಯಂತ್ರಗಳು. ಜರ್ಮನಿಯ ಕಾರ್ಷರ್‌ನ ಹಳದಿ ಡೋಲು ಎಲ್ಲರಿಗೂ ಗೊತ್ತು, ಇದೇ ಆಕಾರದಲ್ಲಿ ಇನಾಲ್ಸಾ, ಅಗಾರೊ ಮುಂತಾದವರದ್ದೂ ಇವೆ. ಇವುಗಳಲ್ಲಿ ಮೋಟಾರನ್ನು ತಣಿಸುವ ಗಾಳಿಗೆ ಬೇರೆಯದೇ ದಾರಿ. ಅದರಿಂದಲೇ ನೀರೆಳೆದರೂ ಮೋಟಾರಿಗೆ ತೊಂದರೆಯಿಲ್ಲ. ಮಳೆಗಾಲದಲ್ಲಿ ಬಾಲ್ಕನಿಗೆ ನುಗ್ಗಿದ ನೀರು, ವಾಷಿಂಗ್ ಮೆಷಿನ್ ಪೈಪು ಕಳಚಿ ಆದ ಅವಾಂತರ, ಸಂಪ್ ತೊಳೆದ ಮೇಲೆ ತಳದಲ್ಲಿ ಉಳಿದ ಕೊಚ್ಚೆ, ಎಲ್ಲಕ್ಕೂ ಬರುತ್ತದೆ. ಊದುವ ಬಾಯಿ ಇದ್ದರೆ ಕಿಟಕಿಯ ಕಾಲುವೆಯ ಧೂಳು ಹೊರಗೆ ಹಾರಿಸಬಹುದು. ಗಾತ್ರ ದೊಡ್ಡದು, ಶಬ್ದವೂ ಜಾಸ್ತಿ, ಮಂಚದಡಿಗೆ ಇಡಲಾಗದು. ಆದರೂ ಏಳೆಂಟು ಸಾವಿರದ ಆಸುಪಾಸಿನಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಮಾಡುವುದು ಈ ಜಾತಿ ಎಂದೇ ನನ್ನ ಎಣಿಕೆ.

ಕೋಲಿನಾಕಾರದ, ವೈರಿಲ್ಲದ ಯಂತ್ರಗಳ ಗುಣ ಬೇರೆ. ಗೋಡೆಗೆ ನೇತುಹಾಕಿದ್ದನ್ನು ಕೈಗೆತ್ತಿಕೊಂಡರೆ ಕೆಲಸ ಶುರು. ಅಟ್ಟ ಸೇರುವ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ತೊಂದರೆ ಬ್ಯಾಟರಿಯಲ್ಲಿದೆ. ಡಬ್ಬಿಯ ಮೇಲಿನ 60 ನಿಮಿಷ ಅತಿ ಕಡಿಮೆ ವೇಗದ್ದು; ಹಾಸಿಗೆಗೆ ಬೇಕಾಗುವ ಪೂರ್ತಿ ವೇಗದಲ್ಲಿ ಹತ್ತು ನಿಮಿಷ ಬಂದರೆ ಪುಣ್ಯ. ಲಿಥಿಯಂ ಬ್ಯಾಟರಿಗೆ ಬಿಸಿ ಆಗದು, ಕಲಬುರಗಿ ರಾಯಚೂರಿನ ಬೇಸಿಗೆಯಲ್ಲಿ ಅದರ ಆಯುಸ್ಸು ಇನ್ನಷ್ಟು ಕಡಿಮೆ. ಮೂರರಿಂದ ಐದು ವರ್ಷಕ್ಕೆ ಬದಲಿಸಬೇಕಾಗುತ್ತದೆ, ಆ ಹೊತ್ತಿಗೆ ಅದೇ ಮಾದರಿಯ ಬ್ಯಾಟರಿ ಸಿಗಬೇಕು. ಮೂವತ್ತು ನಲವತ್ತು ಸಾವಿರ ಕೊಡುವ ಮುನ್ನ ಬ್ಯಾಟರಿ ಬಿಚ್ಚಿ ಹಾಕುವಂತಿದೆಯೇ ಎಂದು ಕೈಯಾರೆ ಬಿಚ್ಚಿ ನೋಡಬೇಕು.

ರೋಬೊ ಯಂತ್ರಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. 2002ರಲ್ಲಿ ಅಮೆರಿಕದ ರೂಂಬಾ ಬಂದಾಗ ಅದು ಗೋಡೆಗೆ ಢಿಕ್ಕಿ ಹೊಡೆಯುತ್ತ ದಾರಿ ಹುಡುಕುತ್ತಿತ್ತು. ಈಗಿನವು ಲೇಸರ್‌ನಿಂದ ಮನೆಯ ನಕ್ಷೆ ಬರೆದುಕೊಳ್ಳುತ್ತವೆ, ಒರೆಸುವ ಬಟ್ಟೆಯನ್ನೂ ಹೊತ್ತಿರುತ್ತವೆ. ಕಸದ ನಿತ್ಯದ ಪದರ ತೆಗೆಯುವುದರಲ್ಲಿ ಅವು ನಿಷ್ಠಾವಂತ. ನಮ್ಮ ಮನೆಯ ಹೊಸಿಲು ಎರಡು ಸೆಂಟಿಮೀಟರಿಗಿಂತ ಎತ್ತರವಿದ್ದರೆ ಬಹುತೇಕ ರೋಬೊಗಳು ಹತ್ತಲಾರವು. ಕಾಲೊರಸು, ಚಾರ್ಜರ್ ವೈರು, ನೇತಾಡುವ ಬೆಡ್‌ಶೀಟ್ ಅಂಚು ಸಿಕ್ಕಿಕೊಳ್ಳುತ್ತವೆ. ಮೆಟ್ಟಿಲಿನಿಂದ ಬೀಳದಂತೆ ಅಡಿಯಲ್ಲಿರುವ ಬೆಳಕಿನ ಸೆನ್ಸರ್, ಅಚ್ಚಗಪ್ಪು ನೆಲವನ್ನು ಕೆಲವೊಮ್ಮೆ ಪ್ರಪಾತವೆಂದು ತಿಳಿದು ಹಿಂದೆ ಸರಿಯುತ್ತದೆ. ಕಪ್ಪು ಗ್ರಾನೈಟ್ ಹಾಸಿದವರು ಇದನ್ನು ಮನೆಯಲ್ಲೇ ಓಡಿಸಿ ನೋಡಿ ಕೊಳ್ಳುವುದು ಲೇಸು. ಹಾಸಿಗೆ, ಪರದೆ, ಫ್ಯಾನು ಅದರ ಕೈಗೆಟಕುವುದಿಲ್ಲ. ಇಬ್ಬರೂ ದುಡಿಯುವ ಫ್ಲ್ಯಾಟ್‌ಗಳಿಗೆ ಉಪಕಾರಿ, ಆದರೆ ಮನೆಯಲ್ಲಿ ಇರುವ ಒಂದೇ ಯಂತ್ರವಾಗಲು ಅದಕ್ಕೆ ಯೋಗ್ಯತೆ ಸಾಲದು.

ಉಬ್ಬಸದವರ ಮನೆಯಲ್ಲಿ

ಸ್ಪ್ಯಾಂಗ್ಲರ್ ಯಂತ್ರ ಕಟ್ಟಿದ್ದೇ ಉಸಿರಿಗಾಗಿ. ಮಲೆನಾಡು, ಕರಾವಳಿಯ ತೇವದಲ್ಲಿ ಹಾಸಿಗೆಯೊಳಗೆ ಕಣ್ಣಿಗೆ ಕಾಣದ ಧೂಳುನುಸಿಗಳು ಚೆನ್ನಾಗಿ ಬೆಳೆಯುತ್ತವೆ. ಅವುಗಳ ಹಿಕ್ಕೆಯೇ ಹಲವರಿಗೆ ಸೀನು, ಉಬ್ಬಸದ ಮೂಲ. ಇಂಥ ಮನೆಗೆ ಫಿಲ್ಟರ್ ಎಲ್ಲಕ್ಕಿಂತ ಮುಖ್ಯ. ಹೆಪಾ ಎನ್ನಿಸಿಕೊಳ್ಳಲು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕೆಂಬುದು ಅಮೆರಿಕದ ಅಳತೆ. ಯುರೋಪಿನಲ್ಲಿ ಎಚ್13 ದರ್ಜೆಗೆ ಶೇ 99.95. 'ಹೆಪಾ ಟೈಪ್', 'ಹೆಪಾ ಮಾದರಿ' ಎಂದು ಬರೆದಿದ್ದರೆ ಅದು ಈ ಅಳತೆಗೆ ಬದ್ಧವಲ್ಲ ಎಂದು ತಿಳಿಯಬೇಕು.

ಫಿಲ್ಟರ್ ಒಳ್ಳೆಯದಿದ್ದೂ ಮುಚ್ಚಳದ ಸುತ್ತಲಿನ ರಬ್ಬರು ಸಡಿಲವಿದ್ದರೆ ಏನೂ ಪ್ರಯೋಜನವಿಲ್ಲ. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ನಾಲ್ಕಾರು ಸಲ ಬಳಸಿದ ಮೇಲೆ ಮುಚ್ಚಳ ತೆಗೆದು ರಬ್ಬರಿನ ಹೊರಬದಿಯನ್ನು ಬೆರಳಿನಿಂದ ಒರೆಸಿ ನೋಡಿ: ಬೂದು ಗೆರೆ ಕಂಡರೆ ಅಲ್ಲಿಂದ ಧೂಳು ಸೋರುತ್ತಿದೆ. ರಾತ್ರಿ ದೀಪ ಆರಿಸಿ, ಗಾಳಿ ಹೊರಬೀಳುವ ಜಾಗಕ್ಕೆ ಟಾರ್ಚ್ ಅಡ್ಡ ಹಿಡಿದು ಯಂತ್ರ ಓಡಿಸಿದರೂ ಸಾಕು. ಬೆಳಕಿನ ಕೋಲಿನಲ್ಲಿ ಧೂಳು ಕುಣಿದರೆ ಯಂತ್ರ ಧೂಳನ್ನು ಒಂದೆಡೆಯಿಂದ ಎತ್ತಿ ಉಸಿರಾಡುವ ಎತ್ತರಕ್ಕೆ ತಲುಪಿಸುತ್ತಿದೆ ಎಂದೇ ಅರ್ಥ. ಚೀಲವಿಲ್ಲದ ಡಬ್ಬಿ ಖಾಲಿ ಮಾಡುವಾಗ ಏಳುವ ಧೂಳು ಉಬ್ಬಸದವರಿಗೆ ಆಗದು. ಬಿಸಾಡುವ ಚೀಲಕ್ಕೆ ಖರ್ಚಾದರೂ ಅವರಿಗೆ ಅದೇ ವಾಸಿ. ಬರೀ ಯಂತ್ರವನ್ನು ನಂಬಿಯೂ ಕೂರುವಂತಿಲ್ಲ. ಹೊದಿಕೆಗಳನ್ನು ಕುದಿಗೆ ಹತ್ತಿರದ ನೀರಲ್ಲದಿದ್ದರೂ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ.

ಕೈಯಲ್ಲಿ ಹಿಡಿಯುವವರು ಯಾರು

ನಮ್ಮ ನಗರಗಳಲ್ಲಿ ಯಂತ್ರ ಕೊಳ್ಳುವವರು ಒಬ್ಬರು, ಓಡಿಸುವವರು ಬಹಳ ಸಲ ಇನ್ನೊಬ್ಬರು. ಮನೆಕೆಲಸಕ್ಕೆ ಬರುವ ಹೆಂಗಸಿಗೆ ನಾಲ್ಕು ಮನೆ ಇರುತ್ತವೆ, ಒಂದೊಂದಕ್ಕೆ ಗಂಟೆ ಮುಕ್ಕಾಲು ಗಂಟೆ. ಏಳು ಕೆಜಿಯ ಯಂತ್ರ ಹೊರಗೆಳೆದು ಜೋಡಿಸಿ ಮತ್ತೆ ಬಿಚ್ಚಿಡಲು ಅವರಿಗೆ ಬಿಡುವಿಲ್ಲ. ಕೆಟ್ಟರೆ ತಪ್ಪು ತಮ್ಮ ತಲೆಗೆ ಬರುತ್ತದೆಂಬ ಅಂಜಿಕೆಯೂ ಇದೆ. ಅವರು ಪೊರಕೆ ಹಿಡಿಯುವುದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಬಗ್ಗಿ ಗುಡಿಸಿ ಸೊಂಟ ಹಿಡಿದುಕೊಂಡವರಿಗೆ ನಿಂತು ಮಾಡುವ ಕೆಲಸ ನಿಜಕ್ಕೂ ಉಪಕಾರ. ಆದರೆ ಕೋಲಿನ ಉದ್ದ ಅವರ ಎತ್ತರಕ್ಕೆ ಹೊಂದಬೇಕು. ಸ್ವಿಚ್ಚು ಕಾಲಿಗೆ ಸಿಗಬೇಕು, ಬರಹದ ಬದಲು ಗುರುತುಗಳಿರಬೇಕು. ಅಂಗಡಿಗೆ ಹೋಗುವಾಗ ಅವರನ್ನೂ ಕರೆದೊಯ್ದು "ನೀವೊಮ್ಮೆ ಎಳೆದು ನೋಡಿ, ಕೈಗೆ ಹೇಗಿದೆ ಹೇಳಿ" ಎಂದು ಕೇಳುವವರು ಎಷ್ಟು ಮಂದಿ? ಕೇಳಿದರೆ ದುಡ್ಡೂ ಉಳಿಯುತ್ತದೆ, ಅವರ ಬೆನ್ನೂ ಉಳಿಯುತ್ತದೆ.

ಪ್ಲಗ್ಗನ್ನೂ ಮರೆಯಬಾರದು. 1400 ವ್ಯಾಟಿನ ಯಂತ್ರ 230 ವೋಲ್ಟ್‌ನಲ್ಲಿ ಆರು ಆಂಪಿಯರ್‌ಗಿಂತ ತುಸು ಹೆಚ್ಚೇ ಎಳೆಯುತ್ತದೆ. ನಮ್ಮ ಕೋಣೆಗಳ ಮಾಮೂಲಿ ಸಾಕೆಟ್ಟು 6 ಆಂಪಿಯರಿನದು. 16 ಆಂಪಿಯರಿನ ದಪ್ಪ ಸಾಕೆಟ್ಟು ಹಳೆಯ ಮನೆಗಳಲ್ಲಿ ಅಡುಗೆಮನೆಗೂ ಬಚ್ಚಲಿಗೂ ಮೀಸಲು. ದೊಡ್ಡ ಮೋಟಾರಿನ ಮೋಹಕ್ಕೆ ಬಿದ್ದರೆ ಹಾಸಿಗೆಯ ಪಕ್ಕದಲ್ಲಿ ಅದಕ್ಕೆ ತಕ್ಕ ಸಾಕೆಟ್ಟೇ ಇಲ್ಲ ಎಂದಾಗುತ್ತದೆ.

ಬಿಚ್ಚಿ ನೋಡಿದರೆ

ಕೆಟ್ಟಿದೆ ಎಂದು ಬಿಸಾಡುವ ಯಂತ್ರವನ್ನು ಬಿಚ್ಚಿದರೆ ಒಳಗೆ ಕಾಣುವುದು ಸರಳ. ತಾಮ್ರದ ಸುರುಳಿ ಸುತ್ತಿದ ಮೋಟಾರು, ಅದರ ಎರಡು ಪಕ್ಕದಲ್ಲಿ ಹಿತ್ತಾಳೆಯ ಗೂಡಿನೊಳಗೆ ಸ್ಪ್ರಿಂಗಿನಿಂದ ಒತ್ತಿ ನಿಂತ ಎರಡು ಕಪ್ಪು ಕಾರ್ಬನ್ ತುಂಡುಗಳು. ತಿರುಗುವ ತಾಮ್ರಕ್ಕೆ ಉಜ್ಜುತ್ತ ಅವು ಸವೆಯಲೆಂದೇ ಇರುವಂಥವು. ಸವೆದು ಮೊಂಡಾದಾಗ ಕಿಡಿ ಹಾರುತ್ತದೆ, ಸುಟ್ಟ ವಾಸನೆ ಬರುತ್ತದೆ, ಒಂದು ದಿನ ನಿಲ್ಲುತ್ತದೆ. ಮೋಟಾರೇ ಹೋಯಿತು, ಹೊಸದು ಕೊಳ್ಳಿ ಎಂಬ ಸಲಹೆ ಬರುವುದು ಆಗಲೇ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಅಳತೆಗೆ ತಕ್ಕ ಕಾರ್ಬನ್ ಜೋಡಿ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಕೊಳವೆಯೂ ಹಾಗೆಯೇ. ಅದು ಸೀಳುವುದು ನಡುವೆಯಲ್ಲ, ಹಿಡಿಕೆಗೆ ಸೇರುವ ಕತ್ತಿನಲ್ಲಿ, ದಿನಾ ಬಾಗುವ ಜಾಗದಲ್ಲಿ. ಕತ್ತು ತಿರುಪಿನಿಂದ ಬಿಚ್ಚುವಂತಿದ್ದರೆ ಸೀಳಿದ ನಾಲ್ಕು ಬೆರಳು ಕತ್ತರಿಸಿ ಮತ್ತೆ ಜೋಡಿಸಬಹುದು. ಅಂಟಿಸಿದ್ದರೆ ಇಡೀ ಕೊಳವೆ ದಂಡ. ಕೊಳ್ಳುವಾಗ ಆ ಕತ್ತನ್ನು ತಿರುಗಿಸಿ ನೋಡುವುದು ವ್ಯಾಟ್ ಓದುವುದಕ್ಕಿಂತ ಎಷ್ಟೋ ಉಪಯುಕ್ತ.

ಲೆಕ್ಕ ಹಾಕೋಣ. ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಓಡಿಸಿದರೆ ವರ್ಷಕ್ಕೆ ಸುಮಾರು 52 ಗಂಟೆ. 500 ಗಂಟೆ ಬಾಳುವ ಮೋಟಾರು ಹೆಚ್ಚುಕಡಿಮೆ ಹತ್ತು ವರ್ಷ ಬರುತ್ತದೆ. 1400 ವ್ಯಾಟಿನ ಯಂತ್ರ ತಿಂಗಳಿಗೆ ತಿನ್ನುವುದು ಆರು ಯೂನಿಟ್, ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 36 ರೂಪಾಯಿ. ಕರೆಂಟು ಇಲ್ಲಿ ಖರ್ಚೇ ಅಲ್ಲ. ಎಂಟು ಸಾವಿರದ ಯಂತ್ರ ಹತ್ತು ವರ್ಷ ಬಂದರೆ ವರ್ಷಕ್ಕೆ 800 ರೂಪಾಯಿ. ಐದು ಸಾವಿರದ್ದು ಎರಡೇ ವರ್ಷಕ್ಕೆ ಕೊಳವೆ ಸಿಗದೆ ಮೂಲೆ ಸೇರಿದರೆ ವರ್ಷಕ್ಕೆ 2,500. ಅಗ್ಗದ್ದು ಯಾವುದು ಎಂಬುದನ್ನು ತೀರ್ಮಾನಿಸುವುದು ಬೆಲೆಯ ಚೀಟಿಯಲ್ಲ, ಬಿಡಿಭಾಗ.

ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ತೆರೆದಿದೆ. ಬಿಡಿಭಾಗ, ಸರ್ವಿಸ್ ಕೇಂದ್ರಗಳ ವಿವರವನ್ನು ಕಂಪನಿಗಳು ಅಲ್ಲಿ ಒದಗಿಸಬೇಕೆಂಬುದು ಉದ್ದೇಶ. ವಾರಂಟಿಯೊಳಗೆ ಸರ್ವಿಸ್ ಸಿಗದೆ ಅಲೆದಾಡುವವರು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ತೀರಾ ಸತ್ತ ಯಂತ್ರವನ್ನು ಗುಜರಿಗೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹದವರಿಗೆ ಕೊಡಿ.

ಹಬ್ಬದ ರಿಯಾಯಿತಿಯಲ್ಲಿ ಕೊಳ್ಳಲು ಹೊರಟಿದ್ದರೆ ಬಿಲ್ ಹಾಕಿಸುವ ಮುನ್ನ ಅಂಗಡಿಯವರಿಂದ ಒಂದು ಕಾಗದದಲ್ಲಿ ಬರೆಸಿಕೊಳ್ಳಿ: ಈ ಮಾದರಿಯ ಕೊಳವೆ ಎಷ್ಟು, ಫಿಲ್ಟರ್ ಎಷ್ಟು, ಚೀಲ ಅಥವಾ ಬ್ಯಾಟರಿ ಎಷ್ಟು, ನಮ್ಮ ಊರಿನಲ್ಲಿ ಎಲ್ಲಿ ಸಿಗುತ್ತದೆ. ಬರೆದುಕೊಡಲು ಅವರಿಂದ ಆಗದಿದ್ದರೆ ಆ ಯಂತ್ರ ಎಷ್ಟೇ ವ್ಯಾಟಿನದಿರಲಿ, ಕೊಳ್ಳಬೇಡಿ. ನಿಮ್ಮ ಅಟ್ಟದಲ್ಲಿ ಈಗಾಗಲೇ ಒಂದಿದ್ದರೆ ಈ ಭಾನುವಾರ ಕೆಳಗಿಳಿಸಿ, ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ, ಕೊಳವೆಯ ಕತ್ತು ನೋಡಿ, ಹಾಸಿಗೆಯ ಮೇಲೊಮ್ಮೆ ಓಡಿಸಿ. ಅದರ ಆಯುಸ್ಸು ಇನ್ನೂ ಬಹಳ ಉಳಿದಿರಬಹುದು.